ಮೈಗಳ್ಳಿಯರ ಪಟ್ಟಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬರೆದ ಪಟ್ಟಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹತ್ತೊಂಬತ್ತು ವರ್ಷ ಬರೆದಿದ್ದೇನೆ, ಒಂದು ವರ್ಷವೂ ಯಾರ ಮುಲಾಜಿಗೂ ಬಿದ್ದವಳಲ್ಲ. ಊರಿಗೆ ಸರಿಯಾಗಿ ಓದಲು ಬರುವುದಿಲ್ಲ ಎಂದರೆ ಅದು ನನ್ನ ತಪ್ಪಲ್ಲ. ಅವರಿಗೆ ಓದು ಕಲಿಸಿದವರು ಬೇರೆ. ನಾನು ಡ್ರಿಲ್ ಕಲಿಸಿದವಳು.

ನಮ್ಮೂರಲ್ಲಿ ಫುಟ್‌ಬಾಲ್ ಆಡುವವರು ಹೆಣ್ಣುಮಕ್ಕಳು. ಎಂಟು ಓಣಿ, ಎಂಟು ತಂಡ. ಗಂಡಸರು, ಮುದುಕಿಯರು, ಆಡಿ ಬಿಟ್ಟವರು ಮನೆಯಲ್ಲಿ ಕೂತು ಕಾಗದದ ಮೇಲೆ ತಮ್ಮದೊಂದು ತಂಡ ಕಟ್ಟುತ್ತಾರೆ. ಮನೆಗೆ ಮೂರು ಹೆಸರು, ಯಾವ ಓಣಿಯವಳಾದರೂ ಸರಿ, ಆದರೆ ಒಬ್ಬಳ ಹೆಸರಿಗೆ ಒಬ್ಬರೇ. ಇದಕ್ಕೆ ಹೆಸರು ಹಿಡಿಯುವುದು ಎನ್ನುತ್ತೇವೆ. ಹಿಡಿದ ಹುಡುಗಿ ಗೋಲು ಹೊಡೆದರೆ ಮನೆಗೆ ಐದು ಅಂಕ, ಎದುರಾಳಿಯ ಕಾಲಿನಿಂದ ಚೆಂಡು ಕಸಿದರೆ ಎರಡು, ಸುಮ್ಮನೆ ಪಂದ್ಯ ಮುಗಿಯುವವರೆಗೆ ಮೈದಾನದಲ್ಲಿದ್ದರೂ ಒಂದು. ವರ್ಷದ ಕೊನೆಗೆ ಯಾರ ಮನೆಯ ಅಂಕ ಹೆಚ್ಚೋ ಅವರಿಗೆ ಮುಂದಿನ ಹನ್ನೆರಡು ತಿಂಗಳು ಊರಿನ ಎಲ್ಲ ಮದುವೆ, ಸೀಮಂತ, ನಾಮಕರಣಗಳಲ್ಲಿ ಮೊದಲ ಪಂಕ್ತಿ. ನಗಬೇಡಿ. ಮೊದಲ ಪಂಕ್ತಿಯ ಎಲೆಗೆ ಬೀಳುವ ಹೋಳಿಗೆಯೂ ನಾಲ್ಕನೇ ಪಂಕ್ತಿಗೆ ಬರುವ ಹೋಳಿಗೆಯೂ ಒಂದೇ ಅಲ್ಲ ಎಂದು ಉಂಡವರಿಗೆ ಗೊತ್ತು.

ಹುಡುಗಿಗೆ ಮೈದಾನದಲ್ಲಿ ಪೆಟ್ಟು ಬಿದ್ದರೆ ನೋವು ಹೆಸರು ಹಿಡಿದವರಿಗೆ ಬರುತ್ತದೆ. ಬಾವೂ ಅವರಿಗೇ, ಉಳುಕೂ ಅವರಿಗೇ. ಅವಳು ಧೂಳು ಕೊಡವಿಕೊಂಡು ಎದ್ದು ಓಡುತ್ತಾಳೆ. ಎರಡು ಓಣಿ ಆಚೆ ಅಂಗಡಿಯಲ್ಲಿ ಕೂತ ಯಜಮಾನ ಅಯ್ಯಯ್ಯೋ ಎಂದು ಮೊಣಕಾಲು ಹಿಡಿದುಕೊಳ್ಳುತ್ತಾನೆ. ಹಾಗಾಗಿ ಪಂದ್ಯದ ದಿನ ನಮ್ಮ ಕ್ಷೌರದಂಗಡಿಯಲ್ಲಿ ಯಾರಿಗೂ ಗಡ್ಡ ಮಾಡುವುದಿಲ್ಲ. ಗೋಲ್‌ಕೀಪರ್ ಹೆಸರು ಹಿಡಿದವರು ಅವತ್ತು ಏಣಿ ಹತ್ತುವುದಿಲ್ಲ, ಬಿಸಿ ಎಣ್ಣೆಯ ಹತ್ತಿರ ಹೋಗುವುದಿಲ್ಲ. ಮನೆಮನೆಯ ಒಲೆಯ ಮೇಲೆ ಉಪ್ಪು ಹುರಿಯುತ್ತಿರುತ್ತದೆ, ಪಕ್ಕದಲ್ಲಿ ಗಂಟು ಕಟ್ಟಿ ಕಾವು ಕೊಡಲು ಹಳೇ ಧೋತರದ ತುಂಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಬೇರೆ ಊರಿನವರು ನಗುತ್ತ ಹೇಳುತ್ತಾರಂತೆ. ನಮ್ಮಲ್ಲಿ ಯಾರೂ ನಗುವುದಿಲ್ಲ.

ಹೆಸರು ಹಿಡಿಯುವವರು ಸಿಗದ ಹುಡುಗಿ ಆಡುವಂತಿಲ್ಲ. ಹೆತ್ತವರು, ಒಡಹುಟ್ಟಿದವರು ಹಿಡಿಯುವಂತಿಲ್ಲ. ಪಟ್ಟಿ ಬರೆಯುವವರೂ ಹಿಡಿಯುವಂತಿಲ್ಲ. ಪಟ್ಟಿ ಬರೆಯುತ್ತಿದ್ದವಳು ನಾನು.

ಪಟ್ಟಿ ಎಂದರೆ ಹೊಸಬರ ಪಟ್ಟಿ. ಹಳೇ ಆಟಗಾರ್ತಿಯರ ಹೆಸರನ್ನು ಹಿಡಿದವರು ಬಿಡುವುದಿಲ್ಲ, ಅವರ ಯೋಗ್ಯತೆ ಎಲ್ಲರಿಗೂ ಗೊತ್ತು. ಜಗಳವೆಲ್ಲ ಆ ವರ್ಷ ಹೊಸದಾಗಿ ಮೈದಾನಕ್ಕಿಳಿಯುವವರ ಮೇಲೆ. ಹನ್ನೆರಡು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಅವರ ಅಭ್ಯಾಸ ನೋಡಿ, ಒಬ್ಬೊಬ್ಬರ ಬಗ್ಗೆ ನಾಲ್ಕು ಸಾಲು ಬರೆದು, ಹೀಚು, ಕಾಯಿ, ದೋರೆ, ಹಣ್ಣು ಎಂದು ದರ್ಜೆ ಕೊಟ್ಟು ವಾಚನಾಲಯದ ಬಾಗಿಲಿಗೆ ಅಂಟಿಸುತ್ತಿದ್ದೆ. ನೋಡುವುದು ಹೇಗೆಂದು ಯಾರೂ ನನಗೆ ಕಲಿಸಲಿಲ್ಲ, ನಾನೇ ಕಂಡುಕೊಂಡೆ. ಗೋಲು ಹೊಡೆದದ್ದನ್ನು ಎಣಿಸುವವರು ಪೆದ್ದರು. ಚೆಂಡು ಬರುವ ಮೊದಲು ಹುಡುಗಿ ಒಮ್ಮೆ ತಲೆಯೆತ್ತಿ ಸುತ್ತ ನೋಡಿದಳೇ? ಒಲ್ಲದ ಕಾಲಿಗೆ ಚೆಂಡು ಬಂದಾಗ ದೇಹವನ್ನೆಲ್ಲ ತಿರುಗಿಸಿ ಒಗ್ಗಿದ ಕಾಲಿಗೇ ಹಾಕಿಕೊಳ್ಳುತ್ತಾಳೆಯೇ? ಎಲ್ಲಕ್ಕಿಂತ ಮುಖ್ಯ, ಚೆಂಡು ಕಳೆದುಕೊಂಡ ಮೇಲಿನ ಮೂರು ಹೆಜ್ಜೆ. ಆ ಮೂರು ಹೆಜ್ಜೆಯಲ್ಲಿ ಕೆಲವರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, ಕೆಲವರು ಗೆಳತಿಯನ್ನು ಬೈಯುತ್ತಾರೆ, ಒಬ್ಬಿಬ್ಬರು ಮಾತ್ರ ತಿರುಗಿ ಅಟ್ಟಿಸಿಕೊಂಡು ಹೋಗುತ್ತಾರೆ. ಆ ಒಬ್ಬಿಬ್ಬರಿಗಾಗಿಯೇ ನಾನು ನಸುಕಿನಲ್ಲಿ ಎದ್ದು ಹೋಗುತ್ತಿದ್ದದ್ದು.

ಊರಿಗೆ ಬೇಕಾದದ್ದು ಅವರಲ್ಲ. ಊರಿಗೆ ಬೇಕಾದದ್ದು ಮೈಗಳ್ಳಿ. ಬೇರೆ ಕಡೆ ಅದು ಬೈಗುಳ, ನಮ್ಮಲ್ಲಿ ಬಿರುದು. ಬೀಳದ, ಎಡವದ, ಎದುರಾಳಿ ಬಂದರೆ ನಾಜೂಕಾಗಿ ಪಕ್ಕಕ್ಕೆ ಸರಿದು ಸೀರೆ ಉಟ್ಟಿದ್ದರೂ ನೆರಿಗೆ ಕೆಡದ ಹಾಗೆ ಓಡುವ ಹುಡುಗಿ. ಅವಳನ್ನು ಹಿಡಿದವನ ಮೊಣಕಾಲು ಗಟ್ಟಿ, ಪಂದ್ಯಕ್ಕೊಂದು ಅಂಕ ಖಾತ್ರಿ. ಮದುವೆಗೆ ಹೆಣ್ಣು ತೋರಿಸುವಾಗಲೂ ನಮ್ಮೂರಿನ ಮುದುಕಿಯರು, 'ಹುಡುಗಿ ಶುದ್ಧ ಮೈಗಳ್ಳಿ ನೋಡ್ರಿ' ಎಂದು ಹೆಮ್ಮೆಯಿಂದ ಹೇಳುವುದನ್ನು ಈ ಕಿವಿಯಿಂದ ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಉರಿದಿದೆ.

ಈ ವರ್ಷ ಒಂಬತ್ತು ಹೊಸಬರು. ಏಳು ಮಂದಿಯ ವಿಷಯ ಬಿಡಿ. ಎಂಟನೆಯವಳು ವೈಜಯಂತಿ, ಚೆಂದದ ಓಟ, ಚೆಂದದ ಜಡೆ. ಹನ್ನೆರಡು ದಿನದಲ್ಲಿ ಅವಳ ಬಟ್ಟೆಗೆ ಒಂದು ಕಲೆ ಹತ್ತಿದ್ದು ನಾನು ಕಾಣಲಿಲ್ಲ. ಒಂಬತ್ತನೆಯವಳು ಹುಲಿಗಿ. ಹತ್ತೊಂಬತ್ತು ವರ್ಷ, ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಚುರುಮುರಿ ಮಾರುವ ಗಂಗವ್ವನ ಮಗಳು, ನನ್ನ ಶಾಲೆಯಲ್ಲೇ ಕಲಿತವಳು. ಹಿಂದಿನ ಸಾಲಿನಲ್ಲಿ ಆಡುತ್ತಾಳೆ. ಚೆಂಡಿಗಾಗಿ ನೆಲದ ಮೇಲೆ ಜಾರಿಕೊಂಡು ಹೋಗುತ್ತಾಳೆ, ಪಕ್ಕೆ, ತೊಡೆ, ಮೊಣಕೈ ಏನನ್ನೂ ಲೆಕ್ಕಿಸುವುದಿಲ್ಲ. ಜಾರಿದ ರಭಸದಲ್ಲೇ ಎದ್ದಿರುತ್ತಾಳೆ, ಚೆಂಡು ಕಾಲಲ್ಲಿರುತ್ತದೆ. ಮೂರು ಹೆಜ್ಜೆಯ ಪರೀಕ್ಷೆ ಅವಳಿಗೆ ಬೇಕಾಗಲೇ ಇಲ್ಲ, ಒಂದೇ ಹೆಜ್ಜೆಯಲ್ಲಿ ತಿರುಗುತ್ತಿದ್ದಳು. ಐದನೇ ದಿನ ನಾನು ಬರೆಯುವುದನ್ನು ಬಿಟ್ಟು ಸುಮ್ಮನೆ ನೋಡುತ್ತ ಕೂತೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅಭ್ಯಾಸದ ದಿನಗಳಲ್ಲಿ ಹೆಸರು ಹಿಡಿದವರು ಇರುವುದಿಲ್ಲವಲ್ಲ, ಆಗ ನೋವು ಅವರವರದೇ. ಆ ಹುಡುಗಿ ಅದನ್ನೆಲ್ಲ ತಾನೇ ಉಂಡು ಮರುದಿನ ಮತ್ತೆ ಬಂದು ಜಾರುತ್ತಿದ್ದಳು.

ಹದಿಮೂರನೇ ದಿನ ಪಟ್ಟಿ ಬರೆಯಲು ಕೂತಾಗ ನನಗೆ ಊರಿನ ಮೇಲೆ ಸಿಟ್ಟು. ಸಿಟ್ಟಿನಲ್ಲಿ ಮನುಷ್ಯರು ತಾವು ಹುಟ್ಟಿದಾಗಿನಿಂದ ಕೇಳಿದ ಭಾಷೆಯನ್ನೇ ಮರೆಯುತ್ತಾರೆ. ವೈಜಯಂತಿಯ ಎದುರು, 'ಶುದ್ಧ ಮೈಗಳ್ಳಿ' ಎಂದು ಬರೆದೆ. ನಿಘಂಟಿನಲ್ಲಿರುವ ಅರ್ಥದಲ್ಲಿ, ಉಗಿದ ಹಾಗೆ ಬರೆದೆ. ಹುಲಿಗಿಯ ಎದುರು, 'ಹಣ್ಣು. ಹತ್ತೊಂಬತ್ತು ವರ್ಷದಲ್ಲಿ ಇಂಥವಳನ್ನು ನೋಡಿಲ್ಲ. ಎಳ್ಳಷ್ಟೂ ಮೈಗಳ್ಳಿ ಅಲ್ಲ' ಎಂದು ಬರೆದು ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ನನ್ನ ಜೀವಮಾನದಲ್ಲಿ ಯಾರನ್ನೂ ಅಷ್ಟು ಹೊಗಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಚನಾಲಯದ ಮುಂದೆ ವೈಜಯಂತಿಯ ಹೆಸರಿಗಾಗಿ ಮೂರು ಮನೆಯವರು ಕೈಕೈ ಮಿಲಾಯಿಸಿದ್ದರು. ಗೆದ್ದವನು ಹಿಟ್ಟಿನ ಗಿರಣಿ ಶಿವಲಿಂಗಪ್ಪ. ಸಂಜೆ ವೈಜಯಂತಿಯ ತಾಯಿ ಕುಂಕುಮದ ಬಟ್ಟಲು, ಒಂದು ಇಳಕಲ್ ಸೀರೆ ಹಿಡಿದುಕೊಂಡು ನನ್ನ ಮನೆಗೇ ಬಂದಳು. 'ಅಕ್ಕೋರ, ನಿಮ್ಮ ಬಾಯಾಗಿಂದ ಇಂಥಾ ಮಾತು ಬಂತಲ್ರಿ, ನಮ್ಮ ಹುಡುಗಿ ಜನ್ಮ ಪಾವನ ಆತು' ಎಂದಳು. ನಾನು ಬೈದಿದ್ದೇನೆ ತಾಯಿ ಎಂದು ಹೇಳಲು ಬಾಯಿ ತೆರೆದೆ. ಅವಳು ಅದರೊಳಗೆ ಪೇಢಾ ಇಟ್ಟಳು. ಸೀರೆಯನ್ನು ವಾಪಸು ಕೊಟ್ಟೆ. ಪೇಢಾ ಹೋಗಿಬಿಟ್ಟಿತ್ತು.

ಹುಲಿಗಿಯ ಹೆಸರಿನ ಮುಂದೆ ನಿಂತವರು ಮಾತ್ರ ಎರಡು ಗೆರೆ ನೋಡಿ ತಮ್ಮ ಮೊಣಕಾಲು ಸವರಿಕೊಂಡು ಮುಂದೆ ಹೋಗುತ್ತಿದ್ದರು. ಹೆಸರು ಹಿಡಿಯಲು ಆರು ದಿನದ ಗಡುವು. ಮೂರು ದಿನ ಕಳೆಯಿತು, ಒಬ್ಬರೂ ಇಲ್ಲ. ನಾಲ್ಕನೇ ದಿನ ಗಂಗವ್ವ ಶಾಲೆಯ ಹಿಂದಿನ ನನ್ನ ಎರಡು ಕೋಣೆಯ ಮನೆಗೆ ಬಂದು ಹೊಸ್ತಿಲ ಹೊರಗೇ ಕೂತಳು.

'ಅಕ್ಕೋರ, ನನಗ ಓದಾಕ ಬರಂಗಿಲ್ಲ. ನನ್ನ ಮಗಳ ಬಗ್ಗೆ ಏನ್ ಬರದೀರಿ, ಒಂದೀಟ ಹೇಳ್ರಿ' ಎಂದಳು.

ಹೇಳಿದೆ. ಅವಳು ಕಣ್ಣುಮುಚ್ಚಿ ಕೇಳಿದಳು.

'ಇದು ಹೊಗಳಿಕಿಯೋ, ಬೈಗಳವೋ?'

'ಹೊಗಳೀನಿ ಗಂಗವ್ವ. ಅದಕ್ಕಿಂತ ಹೆಚ್ಚು ಹೊಗಳಾಕ ನನಗ ಬರಂಗಿಲ್ಲ.'

'ಹಂಗಾರ ಮಂದಿ ಯಾಕ ನನ್ನ ಬುಟ್ಟಿ ಕಡೆ ಸೈತ ನೋಡವಲ್ರು? ಮೂರು ದಿನ ಆತು, ಚುರುಮುರಿ ತಗೊಳ್ಳಾಕ ಬಂದ್ರ ಎಲ್ಲಿ ನಾ ಹೆಸರು ಹಿಡೀರಿ ಅಂತ ಕೇಳ್ತೀನೋ ಅಂತ ಆ ಕಡೆ ಫುಟ್‌ಪಾತಿನ ಮ್ಯಾಲೆ ಹಾದು ಹೋಗ್ತಾರ. ಹುಡುಗಿ ಮನ್ಯಾಗ ಬೂಟು ಒರಿಸ್ಕೊಂಡು ಕುಂತಾಳ. ಉಣ್ಣವಲ್ಲಳು.'

ನನ್ನ ಮಾತೇ ಆ ಹುಡುಗಿಯ ಕಾಲು ಕಟ್ಟಿತ್ತು. ಗಂಗವ್ವ ಏಳುವಾಗ ಕೇಳಿದಳು, 'ನೀವೂ ಆಡ್ತಿದ್ರಂತಲ್ರಿ, ನಮ್ಮವ್ವ ಹೇಳ್ತಿದ್ಲು. ನೆಲ ಕೆರ್ಕೊಂಡು ಆಡ್ತಿದ್ರಂತ. ನಿಮ್ಮ ಹೆಸರು ಯಾರ್ ಹಿಡಿದಿದ್ರು?'

'ಸಾತಪ್ಪ. ಸೈಕಲ್ ಅಂಗಡಿ ಸಾತಪ್ಪ.'

'ಈಗ ಹ್ಯಾಂಗದಾರ?'

ಗೊತ್ತಿಲ್ಲ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಹೋದಳು.

ಮರುದಿನ ವಾಚನಾಲಯದ ಬಸಲಿಂಗಯ್ಯನವರು ನನ್ನನ್ನು ಕರೆಸಿದರು. ಹೆಸರುಗಳ ದಫ್ತರ ಇಟ್ಟುಕೊಂಡವರು ಅವರೇ. ಒಳ್ಳೆಯ ಮನುಷ್ಯ, ಅಂದರೆ ಯಾವುದಕ್ಕೂ ಯಾರನ್ನೂ ಎದುರು ಹಾಕಿಕೊಳ್ಳದ ಮನುಷ್ಯ.

'ಅಕ್ಕೋರ, ಗದ್ದಲ ಯಾಕ? ಹುಡುಗಿ ಪಾಡು ನೋಡಾಕಾಗವಲ್ದು. ನಾ ಒಂದು ದಾರಿ ಹೇಳ್ತೀನಿ. ಮೈಗಳ್ಳಿ ಅಲ್ಲ ಅಂತ ಬರದೀರಲ್ಲ, ಆ ಅಲ್ಲ ಅನ್ನೂದನ್ನ ತಗದುಬಿಡ್ರಿ. ಒಂದ ಶಬ್ದ. ಮ್ಯಾಲೆ ಚೀಟಿ ಅಂಟಿಸಿದ್ರ ಮುಗೀತು. ನಾಳೆ ಹನ್ನೊಂದಕ್ಕ ಅಕಿ ಹೆಸರಿಗೆ ನಾಕು ಮಂದಿ ನಿಂತಿರ್ತಾರ.'

'ಹಿಡಿದಾಂವಗ ಮೊದಲ ಪಂದ್ಯದಾಗ ಪಕ್ಕೆ ಮುರೀತದ ಅಯ್ಯನೋರ.'

'ಅದು ಆಮ್ಯಾಲಿನ ಮಾತು.'

'ಆಮ್ಯಾಲೆ ಮುರಿಯೂದು ಯಾರ ಪಕ್ಕೆ? ನಿಮ್ಮದಲ್ಲ, ನನ್ನದೂ ಅಲ್ಲ, ಅದಕ್ಕ ಇಷ್ಟು ಹಗುರ!'

ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದವರೆಲ್ಲ ತಲೆಯೆತ್ತುವಷ್ಟು ಜೋರಾಗಿ ಅಂದೆ. ಆದರೆ ನಿಜ ಹೇಳಬೇಕು. ಬಾಗಿಲ ಹತ್ತಿರ ಬಂದಾಗ ಆ ಎರಡಕ್ಷರವನ್ನು ನೋಡುತ್ತ ನಿಂತೆ. ಆಸೆಯಾಯಿತು. ಉಗುರಿನಿಂದ ಕೆರೆದರೆ ಹೋಗುತ್ತಿತ್ತು. ಊರಿನ ಮೈಗಳ್ಳರಲ್ಲೊಬ್ಬ ಮೋಸಹೋಗಿ ನೆಲದ ಮೇಲೆ ಹೊರಳಾಡಿದರೆ ನನಗೆ ಸಂತೋಷವೇ ಆಗುತ್ತಿತ್ತೇನೋ. ಆ ಸಂತೋಷ ನೆನೆದೇ ನನಗೆ ಭಯವಾಗಿ ಕೈ ಹಿಂದಕ್ಕೆ ತೆಗೆದೆ.

ಅಲ್ಲಿಂದ ನೇರ ಸೈಕಲ್ ಅಂಗಡಿಗೆ ಹೋದೆ. ಆಟ ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು, ಒಂದು ದಿನವೂ ಆ ಅಂಗಡಿ ಮುಂದೆ ನಿಂತವಳಲ್ಲ. ಆಡುವವರು ಹಿಡಿದವರ ಹತ್ತಿರ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಪದ್ಧತಿಯಿಲ್ಲ ಎನ್ನುವುದು ಎಷ್ಟು ಅನುಕೂಲದ ಮಾತು ನೋಡಿ. ಸಾತಪ್ಪ ಸ್ಟೂಲಿನ ಮೇಲೆ ಕೂತು ಒಂದು ಗಾಲಿಯ ಸೊಟ್ಟ ತೆಗೆಯುತ್ತಿದ್ದ. ಬಲಗಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿದ್ದ, ಅದು ಮಡಚುವುದಿಲ್ಲ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

'ಏನ್ರಿ ಅಕ್ಕೋರ, ಪಂಕ್ಚರ್ರಾ?' ಎಂದ. ನನ್ನ ಹತ್ತಿರ ಸೈಕಲ್ಲೇ ಇಲ್ಲ ಎಂದು ಅವನಿಗೂ ಗೊತ್ತು.

'ಭಾಳ ನೋವಾಗಿತ್ತೇನು ಸಾತಪ್ಪ?' ಎಂದೆ. ಬೇರೆ ಹೇಗೆ ಕೇಳುವುದೋ ತಿಳಿಯಲಿಲ್ಲ.

ಅವನು ಗಾಲಿ ನಿಲ್ಲಿಸಿದ. ಸಿಟ್ಟು ನನ್ನೊಬ್ಬಳ ಸ್ವತ್ತು ಅಂದುಕೊಂಡಿದ್ದೆ. ಅವನ ಮುಖದಲ್ಲಿ ಕಂಡದ್ದು ನನ್ನದಕ್ಕಿಂತ ಹಳೆಯದು.

'ಇಪ್ಪತ್ತೆಂಟು ವರ್ಷ ಆದಮ್ಯಾಲೆ ಕೇಳಾಕ ಬಂದೀರಿ? ಕುಂಬಾರ ಓಣಿ ಎದುರಿನ ಪಂದ್ಯದಾಗ ನೀವು ಗೋಲಿನ ಗೂಟಕ್ಕ ಹೋಗಿ ಬಡದ್ರಿ. ಎದ್ರಿ, ನಕ್ಕೋತ ಓಡಿದ್ರಿ. ನಾ ಇಲ್ಲೇ, ಇದ ಸ್ಟೂಲಿನ ಮ್ಯಾಲಿಂದ ಬಿದ್ದೆ. ಎರಡು ತಿಂಗಳು ಹಾಸಿಗಿ. ಮರುವರ್ಷ ಮತ್ತ ನಿಮ್ಮ ಹೆಸರು ಹಿಡಿದೆ. ಅದರ ಮುಂದಿನ ವರ್ಷಾನೂ ಹಿಡಿದೆ. ನೀವು ಆಡೂದು ನೋಡಿ ಬ್ಯಾರೆ ಹೆಸರು ಹಿಡಿಯಾಕ ಮನಸ್ಸು ಬರಲಿಲ್ಲ. ಅದಕ್ಕ ನಂದೇನು ತಕರಾರಿಲ್ಲ. ಆದರ ಈ ಅಂಗಡಿ ಮುಂದ ದಿನಾ ಹಾದು ಹೋಗ್ತಿದ್ರಿ. ಒಂದಿನ, ಒಂದ ದಿನ, ಹ್ಯಾಂಗದೀ ಸಾತಪ್ಪ ಅನಬಾರದ?'

ಬೈಸಿಕೊಳ್ಳುವುದು ನನಗೆ ಅಭ್ಯಾಸವಿಲ್ಲ. ನಿಂತು ಬೈಸಿಕೊಂಡೆ. ಒಂಬತ್ತು ವರ್ಷ ಪಂದ್ಯಗಳಲ್ಲಿ ಒಂದು ಪೆಟ್ಟಿನ ರುಚಿ ನೋಡದವಳು, ಹತ್ತೊಂಬತ್ತು ವರ್ಷ ಊರನ್ನು ಹೇಡಿ ಎಂದು ಬೈದುಕೊಂಡು ಓಡಾಡಿದ್ದೆ. ಬೈದದ್ದು ತಪ್ಪಲ್ಲ, ಈಗಲೂ ಬೈಯುತ್ತೇನೆ. ಆದರೆ ಬೈಯುವ ಅರ್ಹತೆಯನ್ನು ಪುಕ್ಕಟೆ ಪಡೆದಿದ್ದೆ.

ಆರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಸಲಿಂಗಯ್ಯನವರು ವಾಚನಾಲಯದ ಕಟ್ಟೆಯ ಮೇಲೆ ನಿಂತು ಒಂಬತ್ತು ಹೆಸರು ಓದಿದರು. ಎಂಟಕ್ಕೆ 'ಹಿಡಿದೀವಿ' ಎಂಬ ಕೂಗು ಬಂತು. ಒಂಬತ್ತನೆಯದನ್ನು ಮೂರು ಸಲ ಓದಬೇಕು, ಅದು ನಿಯಮ. ಮೊದಲ ಸಲ ಯಾರೂ ಉಸಿರೆತ್ತಲಿಲ್ಲ. ಎರಡನೇ ಸಲ ಶಿವಲಿಂಗಪ್ಪ, 'ಅಕಿನ್ನ ಹಿಡಿಯೂದ್ಕಿಂತ ಗಿರಣಿಗೆ ಕಾಲು ಕೊಡೂದು ಚಲೋ' ಎಂದ, ಜನ ನಕ್ಕರು. ಹುಲಿಗಿ ಬೇವಿನ ಮರದ ಕೆಳಗೆ ಬೂಟು ಎದೆಗವಚಿಕೊಂಡು ನಿಂತಿದ್ದಳು. ನೆಲ ನೋಡುತ್ತಿರಲಿಲ್ಲ, ನಕ್ಕವರನ್ನೇ ಒಬ್ಬೊಬ್ಬರಾಗಿ ನೋಡುತ್ತಿದ್ದಳು.

ಮೂರನೇ ಸಲ ಓದುವ ಮೊದಲೇ ನಾನು ಕಟ್ಟೆ ಹತ್ತಿದೆ. ಪಟ್ಟಿ ಬರೆಯುವ ಪೆನ್ಸಿಲ್ಲು, ಶಿಳ್ಳೆ, ಹತ್ತೊಂಬತ್ತು ವರ್ಷದ ವಹಿಗಳ ಕಟ್ಟು, ಎಲ್ಲವನ್ನೂ ಬಸಲಿಂಗಯ್ಯನವರ ಮೇಜಿನ ಮೇಲೆ ಇಟ್ಟೆ.

'ಅಕ್ಕೋರ, ಏನ್ ಮಾಡಾಕ ಹತ್ತೀರಿ? ಒಂದ ಸಲ ಬಿಟ್ರ ತಿರುಗಿ ಪಟ್ಟಿ ಬರಿಯಾಕ ಬರಂಗಿಲ್ಲ' ಎಂದರು.

'ಗೊತ್ತೈತಿ. ಗಂಗವ್ವನ ಮಗಳು ಹುಲಿಗೆವ್ವ, ಹಿಡಿದೀನಿ. ಬರಕೊಳ್ರಿ.'

'ನಿಮಗ ಐವತ್ತಾರು ವರ್ಷ!'

'ವಯಸ್ಸು ಬರಿಯೂ ಕಾಲಂ ಐತೇನು ನಿಮ್ಮ ದಫ್ತರದಾಗ? ಇಲ್ಲಲ್ಲ? ಹೆಸರು ಬರಕೊಳ್ರಿ.'

ಬರೆದುಕೊಂಡರು. ಗಂಗವ್ವ ಅಳುತ್ತಿದ್ದಳು. ಹುಲಿಗಿ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. ಕೃತಜ್ಞತೆ ಇರಬೇಕು ಅಂದುಕೊಂಡೆ. ಮನುಷ್ಯರ ಕಾಲು ಓದಿದಷ್ಟು ಚೆನ್ನಾಗಿ ಮುಖ ಓದಲು ನನಗೆ ಬರುವುದಿಲ್ಲ.

ಮೊದಲ ಪಂದ್ಯ ಮುಂದಿನ ರವಿವಾರ, ನಾಲ್ಕು ಗಂಟೆಗೆ. ಹಿಡಿದವರು ಸಾಮಾನ್ಯವಾಗಿ ಮನೆಯಲ್ಲೇ ಹಾಸಿಗೆ ಹಾಸಿಕೊಂಡು ಮಲಗಿರುತ್ತಾರೆ. ನಾನು ಮೈದಾನಕ್ಕೆ ಹೋದೆ, ಗೆರೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಸೀರೆ ಬಿಟ್ಟು ಹಳೇ ಡ್ರಿಲ್ ಪ್ಯಾಂಟು ತೊಟ್ಟಿದ್ದೆ, ಬಿದ್ದರೆ ಮಾನವಾಗಿ ಬೀಳಬೇಕಲ್ಲ. ಶಿಳ್ಳೆ ಊದಿದರು. ನಾನು ಹಲ್ಲು ಕಚ್ಚಿ, ಬೆಂಚಿನ ಅಂಚು ಹಿಡಿದು ಕಾದೆ.

ಏನೂ ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ಮೊದಲು ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೋಡಿದೆ. ಎದುರು ಓಣಿಯ ಹುಡುಗಿ ಚೆಂಡು ತಂದಳು, ಹುಲಿಗಿ ಅವಳ ಪಕ್ಕಪಕ್ಕದಲ್ಲೇ ಓಡಿ, ಜಾರುವ ಹೊತ್ತಿಗೆ ಸರಿಯಾಗಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಗೋಲಾಯಿತು. ಇನ್ನೊಮ್ಮೆ ಅವಳ ಕಾಲಿನಿಂದಲೇ ಚೆಂಡು ಹೋಯಿತು. ಒಂದು ಹೆಜ್ಜೆ, ಎರಡು, ಮೂರು. ನಿಂತುಕೊಂಡಳು. ನನ್ನ ಕಡೆ ಕಳ್ಳನೋಟ ಹಾಕಿ ತಲೆ ತಗ್ಗಿಸಿದಳು.

ಬೆನ್ನ ಹಿಂದಿನಿಂದ ಶಿವಲಿಂಗಪ್ಪ ಬಂದು ಪಕ್ಕದಲ್ಲಿ ಕೂತ. ವೈಜಯಂತಿಯನ್ನು ಹಿಡಿದವನಿಗೆ ಮೈದಾನಕ್ಕೆ ಬರಲು ಏನು ಭಯ? 'ಭಾಳ ಶಾಣ್ಯಾರ ಬಿಡ್ರಿ ಅಕ್ಕೋರ ನೀವು' ಎಂದ. 'ಪಟ್ಟಿಯೊಳಗ ಮೈಗಳ್ಳಿ ಅಲ್ಲ ಅಂತ ಬರದು ಊರಿಗೆಲ್ಲ ಅಂಜಿಸಿದ್ರಿ. ಕಡೀಕ ನೋಡಿದ್ರ ಅಕಿ ವೈಜಯಂತಿಗಿಂತ ಮೈಗಳ್ಳಿ. ಚಲೋ ಮಾಲು ತಾವು ಇಟ್ಕೊಂಡ್ರಿ. ಹತ್ತೊಂಬತ್ತು ವರ್ಷ ಸತ್ಯಹರಿಶ್ಚಂದ್ರನ ಹಂಗ ಇದ್ದು ಕಡೇ ವರ್ಷ ಹೊಡದ್ರಿ ನೋಡ್ರಿ!' ಹಿಂದೆ ನಿಂತವರು ಹೌದೌದು ಎಂದರು. ಒಬ್ಬ ನನಗೆ ಕೈಮುಗಿದ. ಅವರಿಗೆ ಸಿಟ್ಟಿರಲಿಲ್ಲ, ಅಸಹ್ಯವೆಂದರೆ ಅವರಿಗೆ ನನ್ನ ಮೇಲೆ ಮೊದಲ ಸಲ ಗೌರವ ಬಂದಿತ್ತು.

ಮಧ್ಯಂತರದ ಶಿಳ್ಳೆ ಆಗುತ್ತಲೇ ನಾನು ಗೆರೆ ದಾಟಿ ಒಳಗೆ ನುಗ್ಗಿದೆ. ಹುಡುಗಿಯರೆಲ್ಲ ನಿಂಬೆಹಣ್ಣು ಚೀಪುತ್ತ ಕೂತಿದ್ದರು, ನನ್ನನ್ನು ಕಂಡು ಹಳೇ ಅಭ್ಯಾಸದಂತೆ ಎದ್ದು ಸಾಲಾಗಿ ನಿಂತರು.

'ಏ ಹುಲಿಗಿ! ಇದೇನು ಆಟಾನೋ, ಬೀಗರ ಮನ್ಯಾಗ ಓಡಾಡಿದಂಗೋ?'

ಅವಳು ಕೈಯಲ್ಲಿದ್ದ ನಿಂಬೆಹೋಳು ಹಿಂಡುತ್ತ ನಿಂತಳು.

'ಮಾತಾಡು. ಕಾಲು ಯಾಕ ಹಿಂದ ತಗೊಂಡಿ?'

'ನಿಮಗ ನೋವಾಗ್ತೈತಲ್ರಿ ಅಕ್ಕೋರ' ಎಂದಳು, ಬಹಳ ಸಣ್ಣ ದನಿಯಲ್ಲಿ. 'ಮೊದಲ ನಿಮಗ ವಯಸ್ಸಾಗೈತಿ. ಜಾರಾಕ ಹೋದೆ, ನಿಮ್ಮ ಮಾರಿ ಕಾಣಿಸ್ತು. ಕಾಲು ಮುಂದ ಹೋಗಲಿಲ್ಲ. ನೀವು ನನ್ನ ಹೆಸರು ಹಿಡಿದೀರಿ. ನಾ ಹ್ಯಾಂಗ ನಿಮ್ಮನ್ನ ಬಡೀಲಿ?'

ನಾನು ಒಂಬತ್ತು ವರ್ಷದಲ್ಲಿ ಒಂದು ಸಲವೂ ಯೋಚಿಸದ ಮಾತು, ಈ ಹುಡುಗಿ ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದಳು. ಅವಳನ್ನು ಎಳೆದು ತಬ್ಬಿಕೊಳ್ಳಬೇಕು ಅನ್ನಿಸಿತು. ಅದರ ಬದಲು ಕೂಗಾಡಿದೆ, ನನಗೆ ಬರುವುದು ಅದೊಂದೇ.

'ನಾ ಕೇಳಿದೆನೇನು ನಿನಗ ಕರುಣೆ? ಊರು ನಿನ್ನ ಕಾಲು ಕಟ್ಟಿತ್ತು, ಈಗ ನೀ ನನ್ನ ಹೆಸರಿಲೆ ಕಟ್ಟಿಕೊಂಡಿ? ಊರಿಗೂ ನಿನಗೂ ಏನು ಫರಕು? ನಾ ಪೆನ್ಸಿಲ್ಲು ಬಿಟ್ಟು ಬಂದದ್ದು ಒಂದು ಹೊಸಾ ಮೈಗಳ್ಳೀನ್ನ ನೋಡಾಕಲ್ಲ. ನೋವು ನನ್ನ ಪಾಲಿಂದು. ಸಹಿ ಮಾಡಿ ತಗೊಂಡೀನಿ. ನನ್ನ ಪಾಲು ನನಗ ಕೊಡು!'

'ಅಕ್ಕೋರ...'

'ಏನು ಅಕ್ಕೋರ? ಆಟ ಮುಗಿದ ಮ್ಯಾಲೆ ಬಂದು ಹ್ಯಾಂಗದೀರಿ ಅಂತ ಕೇಳು. ಅಷ್ಟು ಸಾಲ್ತದ. ಅದಕ್ಕಿಂತ ಮೊದಲು ನನ್ನ ಮಾರಿ ನೋಡಿದ್ರ ಮೈದಾನಕ್ಕ ನೂರು ಸುತ್ತು ಹೊಡಸ್ತೀನಿ.'

ಶಿಳ್ಳೆಯಾಯಿತು. ನಾನು ಬೆಂಚಿಗೆ ವಾಪಸು ಬಂದು ಕೂರುವ ಮೊದಲೇ ಎಡಗಡೆಯಿಂದ ಚೆಂಡು ನುಗ್ಗಿತು. ಹುಲಿಗಿ ಓಡಿದಳು, ಈ ಸಲ ತಲೆ ತಿರುಗಿಸಲಿಲ್ಲ. ಅವಳ ಮೈ ಇಡಿಯಾಗಿ ನೆಲಕ್ಕೆ ಬಿದ್ದು ಹುಡಿಯೆಬ್ಬಿಸಿಕೊಂಡು ಜಾರಿತು. ನನ್ನ ಎಡತೊಡೆಗೆ ಯಾರೋ ಕೆಂಡ ಸುರಿದರು. ಐವತ್ತಾರು ವರ್ಷದಲ್ಲಿ ನನ್ನ ಬಾಯಿಂದ ಬಾರದ ಒಂದು ಬೈಗುಳ ಬಂತು, ಶಾಲೆಯಲ್ಲಿ ಯಾರಾದರೂ ಅದನ್ನು ಅಂದಿದ್ದರೆ ಒಂದು ವಾರ ಹೊರಗೆ ನಿಲ್ಲಿಸುತ್ತಿದ್ದೆ. ಶಿವಲಿಂಗಪ್ಪ ಹೆದರಿ ಬೆಂಚಿನ ತುದಿಗೆ ಸರಿದ. ಕಣ್ಣೀರಿನ ನಡುವೆ ನೋಡಿದೆ, ಚೆಂಡು ಅವಳ ಕಾಲಲ್ಲಿತ್ತು.

ಆಮೇಲೆ ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಪಕ್ಕೆ, ಹಿಮ್ಮಡಿ, ಮೊಣಕೈ. ಒಂದು ಸಲ ಬೆಂಚಿನಿಂದ ಕೆಳಗೆ ಬಿದ್ದೆ, ಎತ್ತಲು ಬಂದವರನ್ನು ತಳ್ಳಿದೆ. 'ಮೆತ್ತಗ ಆಡು ಅಂತ ಹೇಳ್ರಿ ಅಕ್ಕೋರ, ಸಾಯ್ತೀರಿ' ಎಂದು ಯಾರೋ ಅಂದರು. 'ನೀ ಆ ಕಡೆ ಸರಿ, ಆಟ ಕಾಣವಲ್ದು' ಎಂದೆ. ಮೊದಲರ್ಧದ ಆ ಒಂದು ಗೋಲಿನಿಂದ ನಮ್ಮ ಹುಡುಗಿಯರು ಪಂದ್ಯ ಸೋತರು, ಎರಡನೇ ಅರ್ಧದಲ್ಲಿ ಎದುರಿನವರಿಗೆ ಒಂದು ಗೋಲೂ ಸಿಗಲಿಲ್ಲ. ಊರು ಎಂಥದೆಂದರೆ, ಹೋಗುವಾಗ ನನ್ನ ಪಟ್ಟಿ ನಿಜವಾಗಿತ್ತು ಎಂದು ಒಬ್ಬನೂ ಅನ್ನಲಿಲ್ಲ. ಈ ಮುದುಕಿಗೆ ಹುಚ್ಚು ಎಂದು ಮಾತ್ರ ಎಲ್ಲರೂ ಒಪ್ಪಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಲಿಗಿ ಬಂದಳು. ಬೂಟು ಹೊರಗೆ ಬಿಟ್ಟು, ನೇರ ಒಲೆಯ ಹತ್ತಿರ ಹೋಗಿ ಉಪ್ಪು ಹುರಿದು ಗಂಟು ಕಟ್ಟಿಕೊಂಡು ನನ್ನ ಹಾಸಿಗೆಯ ಪಕ್ಕ ಕೂತಳು. ಅವಳ ಮೈಮೇಲೆ ಧೂಳು ಬಿಟ್ಟರೆ ಒಂದು ಗೀರೂ ಇರಲಿಲ್ಲ.

'ಹ್ಯಾಂಗದೀರಿ ಅಕ್ಕೋರ?'

'ನೋವದ' ಎಂದೆ.

'ಎಲ್ಲೆ?'

ತೋರಿಸಿದೆ. ಇದು ಮೊದಲನೇದು, ಎಡಗಡೆಯಿಂದ ಬಂದವಳನ್ನು ತಡೆದಾಗ. ಇದು ಮೂಲೆಯ ಕಿಕ್‌ನಲ್ಲಿ, ಅವಳ ಮೊಣಕಾಲು ನಿನ್ನ ಪಕ್ಕೆಗೆ ತಾಗಿತಲ್ಲ, ಆಗ. ಇದು ಕೊನೆಯದು, ಇದಕ್ಕೆ ನೀನು ಅರ್ಧ ಕ್ಷಣ ತಡವಾಗಿ ಜಾರಿದೆ, ಮೊದಲೇ ಜಾರಿದ್ದರೆ ಚೆಂಡೂ ಸಿಗುತ್ತಿತ್ತು, ನನ್ನ ಹಿಮ್ಮಡಿಯೂ ಉಳಿಯುತ್ತಿತ್ತು. ನಾನು ಒಂದೊಂದು ಜಾಗ ಹೇಳಿದ ಹಾಗೆ ಅವಳು ಎಡಗೈಯಿಂದ ತನ್ನ ಮೈಯಲ್ಲಿ ಅದೇ ಜಾಗ ಹುಡುಕಿ ಒತ್ತಿ ಒತ್ತಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಆದರೂ ಅವಳ ಹುಬ್ಬು ಗಂಟಿಕ್ಕಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಬಲಗೈಯ ಉಪ್ಪಿನ ಗಂಟು ಮರೆತೇ ಹೋಗಿ ನನ್ನ ಪಕ್ಕೆಯ ಮೇಲೆ ಭಾರವಾಗಿ ಕೂತಿತು.

'ಮೆತ್ತಗ ಒತ್ತು' ಎಂದು ಗದರಿಸಿದೆ. 'ಅದು ನನ್ನ ಮೈ, ಹುಡುಗಿ.'